ನಿದ್ದೆಗೆ, ನೆಮ್ಮದಿಗೆ ಗುಳಿಗೆ: ಡಬ್ಬಿ ಕೊಳ್ಳುವ ಮುನ್ನ ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ನಿದ್ದೆ ಬರುತ್ತಿಲ್ಲ, ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತದೆ ಎಂದು ಹೇಳಿಕೊಳ್ಳುವವರು ಈಗ ಎಲ್ಲ ಮನೆಗಳಲ್ಲೂ ಇದ್ದಾರೆ. ಬೀದರ್ ತಾಲ್ಲೂಕಿನ ಬಗದಲ್‌ನಂಥ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುವವರು, ಭಾಲ್ಕಿ, ಔರಾದ್ ಕಡೆ ಅಡತಿ ವ್ಯಾಪಾರದಲ್ಲಿರುವವರು, ನೀಟ್ ಪರೀಕ್ಷೆಗೆ ಓದುವ ಮಕ್ಕಳು, ವಯಸ್ಸಾದ ಹಿರಿಯರು ಎಲ್ಲರದ್ದೂ ಇದೇ ದೂರು. ವೈದ್ಯರ ಬಳಿ ಹೋಗಲು ಸಂಕೋಚ. ‘ಮನಸ್ಸಿನ ಡಾಕ್ಟರ್’ ಎಂದರೆ ಊರವರು ಏನೆಂದುಕೊಂಡಾರು ಎಂಬ ಭಯ. ಹಾಗಾಗಿ ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ, ಅಲ್ಲಿಯೂ ಸಂಕೋಚವಾದರೆ ಮೊಬೈಲ್‌ನಲ್ಲಿ ಆರ್ಡರ್. ಅಶ್ವಗಂಧ, ಮೆಲಟೋನಿನ್, ಮೆಗ್ನೀಸಿಯಂ ಎಂಬ ಹೆಸರಿನ ಡಬ್ಬಿಗಳು ಚೀಟಿಯಿಲ್ಲದೆ ಸಿಗುತ್ತವೆ.

ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಯಾರಿಗೆ ಅಪಾಯ ಎಂಬುದು ಎಲ್ಲರ ಪ್ರಶ್ನೆ. ಜೈನ ಕುಟುಂಬಗಳಿಗೆ ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳಿವೆ: ಗುಳಿಗೆಯಲ್ಲಿ ಏನು ಬೆರೆತಿದೆ? ಬೇರಿನಿಂದ ಮಾಡಿದ್ದನ್ನು ತೆಗೆದುಕೊಳ್ಳಬಹುದೇ? ಮಲಗುವ ಮುನ್ನ ನುಂಗಬೇಕಾದದ್ದನ್ನು ರಾತ್ರಿಭೋಜನ ತ್ಯಾಗ ಮಾಡಿದವರು ಹೇಗೆ ನುಂಗುವುದು? ಈ ಲೇಖನ ಇವುಗಳನ್ನು ಒಂದೊಂದಾಗಿ ವಿವರಿಸುತ್ತದೆ.

ಪ್ರಶ್ನೆ ಹೊಸದಲ್ಲ

ಔಷಧದ ಹೆಸರಿನಲ್ಲಿ ವ್ರತ ಸಡಿಲವಾಗಬೇಕೇ ಎಂಬ ಚರ್ಚೆ ಈ ಭಾಗದಲ್ಲಿ ಸಾವಿರ ವರ್ಷಕ್ಕೂ ಹಳೆಯದು. 9ನೇ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥ ಬರೆದರು. ಮಾಂಸವನ್ನು ಔಷಧವಾಗಿ ಬಳಸುವುದು ಸರಿಯಲ್ಲ ಎಂದು ಅವರು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಮುಂದೆ ವಾದ ಮಂಡಿಸಿದ ಪ್ರಸಂಗ ಆ ಗ್ರಂಥದ ಕೊನೆಯಲ್ಲಿ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು.

12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ‘ಕರ್ನಾಟಕ ಕಲ್ಯಾಣಕಾರಕ’ ಎಂದು ಕನ್ನಡಕ್ಕೆ ತಂದ. ಮಾಂಸವಾಗಲಿ ಮದ್ಯವಾಗಲಿ ಇಲ್ಲದ ಚಿಕಿತ್ಸೆಯನ್ನೇ ಹೇಳುವುದು ಅದರ ವಿಶೇಷ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಈ ಆಚಾರ್ಯರು, ಕವಿಗಳು ಯಾರೂ ‘ರೋಗ ಬಂದರೆ ಔಷಧ ಬೇಡ’ ಎನ್ನಲಿಲ್ಲ. ಔಷಧ ಬೇಕು, ಅದು ಅಹಿಂಸೆಗೆ ಹೊಂದುವಂತಿರಬೇಕು ಎಂದರು. ಇಂದು ಡಬ್ಬಿ ಹಿಡಿದು ನಿಂತ ಶ್ರಾವಕರಿಗೂ ಇದೇ ದಾರಿ ಸಾಕು.

ಮೊದಲು ನೋಡಬೇಕಾದದ್ದು ಪರವಾನಗಿ

ಅಂಗಡಿಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಡಬ್ಬಿಗಳು ಕಾನೂನಿನ ಪ್ರಕಾರ ಮೂರು ಬೇರೆ ಬೇರೆ ಜಾತಿಯವು.

ಒಂದು, ಆಹಾರ ಪೂರಕ. ಇದಕ್ಕೆ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಕೊಡುವ 14 ಅಂಕಿಗಳ ಪರವಾನಗಿ ಸಂಖ್ಯೆ ಇರುತ್ತದೆ. 2016ರ ನಿಯಮಾವಳಿಯಂತೆ ಇದರ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂಬ ಅರ್ಥದ ಸೂಚನೆ ಮುದ್ರಿತವಾಗಿರಬೇಕು. ರೋಗ ವಾಸಿ ಮಾಡುತ್ತೇವೆ ಎಂದು ಇವು ಹೇಳಿಕೊಳ್ಳುವಂತಿಲ್ಲ.

ಎರಡು, ಆಯುರ್ವೇದ ಔಷಧ. ಇದಕ್ಕೆ ರಾಜ್ಯದ ಆಯುಷ್ ಪರವಾನಗಿ ಇರುತ್ತದೆ. ಚೂರ್ಣ, ಲೇಹ್ಯ, ಅರಿಷ್ಟ, ವಟಿ ಇವೆಲ್ಲ ಸಾಮಾನ್ಯವಾಗಿ ಈ ಗುಂಪಿನವು.

ಮೂರು, ಅಲೋಪತಿ ಔಷಧ. ಅಲ್ಪ್ರಾಜೋಲಾಂ, ಡಯಾಜೆಪಾಂ, ಜೋಲ್ಪಿಡೆಂನಂಥ ನಿದ್ದೆಗುಳಿಗೆಗಳು ‘ಶೆಡ್ಯೂಲ್ ಹೆಚ್1’ ಪಟ್ಟಿಯಲ್ಲಿವೆ. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ಮಾರಾಟದ ವಿವರವನ್ನು ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಯ್ದಿಡಬೇಕು. ಪರಿಚಯದ ಮೇಲೆ ‘ಒಂದೆರಡು ಕೊಡಿ’ ಎಂದು ಇವನ್ನು ತರುವುದು ಅಪಾಯಕರ. ಚಟವಾಗುತ್ತದೆ, ಹಿರಿಯರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಸಂಭವ ಹೆಚ್ಚುತ್ತದೆ, ಒಮ್ಮೆಲೇ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ.

ಡಬ್ಬಿಯ ಮೇಲೆ ಈ ಮೂರರಲ್ಲಿ ಯಾವ ಪರವಾನಗಿಯೂ ಇಲ್ಲದಿದ್ದರೆ, ಎಷ್ಟೇ ಚೆಂದದ ಜಾಹೀರಾತಿದ್ದರೂ ಅದನ್ನು ಅಲ್ಲಿಯೇ ಬಿಡುವುದು ಒಳ್ಳೆಯದು.

ಹಸಿರು ಚುಕ್ಕೆ ಇದ್ದರೆ ಸಾಕೇ?

ಬಹಳ ಮನೆಗಳಲ್ಲಿ ಹಸಿರು ಚುಕ್ಕೆ ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರಿ ಎಂದಷ್ಟೇ ಅರ್ಥ, ಜೈನ ಆಹಾರ ಎಂದಲ್ಲ.

ಎಫ್‌ಎಸ್‌ಎಸ್‌ಎಐ ನಿಯಮದ ವ್ಯಾಖ್ಯೆಯಲ್ಲಿ ಹಾಲು, ಹಾಲಿನ ಪದಾರ್ಥಗಳ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಶೆಲಾಕ್ ಕೂಡ ‘ಮಾಂಸಾಹಾರ’ದ ಹೊರಗಿವೆ. ಶೆಲಾಕ್ ಎಂದರೆ ಅರಗಿನ ಹುಳುಗಳಿಂದ ಬರುವ ಅಂಟು. ಗುಳಿಗೆಗೆ ಹೊಳಪು ಕೊಡಲು ಬಳಸುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಅದು 904 ಎಂಬ ಸಂಖ್ಯೆಯಾಗಿ ಇರಬಹುದು. ಅಂದರೆ ಹಸಿರು ಚುಕ್ಕೆ ಇರುವ ಡಬ್ಬಿಯಲ್ಲೂ ಜೇನುತುಪ್ಪ ಇರಬಹುದು, ಶೆಲಾಕ್ ಇರಬಹುದು, ಕಂದಮೂಲವೂ ಇರಬಹುದು. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಶ್ರಾವಕರ ಅಷ್ಟ ಮೂಲಗುಣಗಳಲ್ಲೇ ಸೇರಿದೆ. ಆದ್ದರಿಂದ ಮಧುವಿನ ವಿಷಯದಲ್ಲಿ ಹಸಿರು ಚುಕ್ಕೆಯನ್ನು ನಂಬಿ ಕೂರುವಂತಿಲ್ಲ.

ಮಾಂಸಾಹಾರದ ಗುರುತು ಹಿಂದೆ ಕಂದು ಚುಕ್ಕೆಯಾಗಿತ್ತು. 2020ರ ಲೇಬಲ್ ನಿಯಮಾವಳಿಯಲ್ಲಿ ಅದು ಚೌಕದೊಳಗಿನ ಕಂದು ತ್ರಿಕೋನವಾಯಿತು. 2022ರ ನಿಯಮದ ಪ್ರಕಾರ ‘ವೀಗನ್’ ಗುರುತು ಬೇರೆಯೇ ಇದೆ. ಅದಿದ್ದರೆ ಜೇನು, ಹಾಲು, ಶೆಲಾಕ್ ಯಾವುದೂ ಇರುವುದಿಲ್ಲ. ಆದರೆ ಕಂದಮೂಲದ ಪ್ರಶ್ನೆಗೆ ವೀಗನ್ ಗುರುತಿನಲ್ಲೂ ಉತ್ತರವಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಈ ಚುಕ್ಕೆಯ ನಿಯಮ ಇರುವುದು ಆಹಾರಕ್ಕೆ. ಔಷಧ ಎಂದು ಪರವಾನಗಿ ಪಡೆದ ಗುಳಿಗೆ, ಕ್ಯಾಪ್ಸೂಲ್‌ಗಳ ಮೇಲೆ ಚುಕ್ಕೆ ಕಾಣಲಿಲ್ಲವೆಂದರೆ ಅದು ಸಸ್ಯಾಹಾರಿಯೋ ಅಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಅಲ್ಲಿ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಪಟ್ಟಿಯಲ್ಲಿ ಗಮನಿಸಬೇಕಾದ ಹೆಸರುಗಳು:

- ಜೆಲಾಟಿನ್: ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಕ್ಯಾಪ್ಸೂಲ್‌ನ ಹೊರಕವಚ, ಜೆಲ್ಲಿಯಂಥ ‘ಗಮ್ಮಿ’ಗಳಲ್ಲಿ ಸಾಮಾನ್ಯ. ‘ಹೆಚ್‌ಪಿಎಂಸಿ’ ಎಂದಿದ್ದರೆ ಕವಚ ಸಸ್ಯದ ನಾರಿನಿಂದ ಮಾಡಿದ್ದು. ಗಮ್ಮಿಯಲ್ಲಿ ‘ಪೆಕ್ಟಿನ್’ ಎಂದಿದ್ದರೆ ಅದು ಹಣ್ಣಿನ ಸಿಪ್ಪೆಯಿಂದ ಬಂದದ್ದು.
- ಮೆಗ್ನೀಸಿಯಂ ಸ್ಟಿಯರೇಟ್: ಗುಳಿಗೆ ಯಂತ್ರಕ್ಕೆ ಅಂಟದಂತೆ ಹಾಕುವ ಪುಡಿ. ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ತಯಾರಾಗುತ್ತದೆ. ಮೂಲ ಬರೆದಿಲ್ಲದಿದ್ದರೆ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ಕೇಳಬಹುದು.
- ಕಾರ್ಮೈನ್ (120): ಹುಳುಗಳಿಂದ ತೆಗೆಯುವ ಕೆಂಪು ಬಣ್ಣ.
- ವಿಟಮಿನ್ ಡಿ3: ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಕಲ್ಲುಹೂವಿನ ಜಾತಿಯ ಸಸ್ಯದಿಂದ ಮಾಡಿದ ಡಿ3 ಕೂಡ ಈಗ ಸಿಗುತ್ತದೆ.
- ಒಮೆಗಾ-3: ‘ಫಿಶ್ ಆಯಿಲ್’ ಎಂದರೆ ಮೀನೆಣ್ಣೆಯೇ. ಪಾಚಿಯಿಂದ ತೆಗೆದ ಒಮೆಗಾ-3 ಬೇರೆ ಇದೆ.

ಅಶ್ವಗಂಧ: ಬೇರಿನ ಪ್ರಶ್ನೆ, ಜೇನಿನ ಪ್ರಶ್ನೆ

ಕನ್ನಡದಲ್ಲಿ ಹಿರೇಮದ್ದು ಎಂದೂ ಕರೆಯುವ ಅಶ್ವಗಂಧದ ಬೇರು ಈಗ ಒತ್ತಡ ನಿವಾರಣೆಯ ಡಬ್ಬಿಗಳಲ್ಲೆಲ್ಲ ಮುಂದಿದೆ. ಇದರ ಮೇಲೆ ನಡೆದ ಹೆಸರಾದ ಅಧ್ಯಯನವೊಂದು ಬೀದರ್‌ಗೆ ಹತ್ತಿರದ ಹೈದರಾಬಾದಿನದೇ. ಅಲ್ಲಿನ ಆಶಾ ಆಸ್ಪತ್ರೆಯ ವೈದ್ಯರು 64 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಬಾರಿ 300 ಮಿಲಿಗ್ರಾಂ ಬೇರಿನ ಸಾರವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ 60 ದಿನ ಕೊಟ್ಟರು. ಸಾರ ತೆಗೆದುಕೊಂಡವರಲ್ಲಿ ಒತ್ತಡದ ಅಂಕಗಳೂ ರಕ್ತದಲ್ಲಿನ ಕಾರ್ಟಿಸೋಲ್ ಪ್ರಮಾಣವೂ ಹೆಚ್ಚು ಇಳಿದವು. 2012ರಲ್ಲಿ ಇದು ಪ್ರಕಟವಾಯಿತು. ನಂತರದ ಅಧ್ಯಯನಗಳಲ್ಲೂ ನಿದ್ದೆಗೆ ಸ್ವಲ್ಪ ಪ್ರಯೋಜನ ಕಂಡಿದೆ. ಆದರೆ ಇವು ಸಣ್ಣ ಅಧ್ಯಯನಗಳು, ಎರಡು ಮೂರು ತಿಂಗಳಿಗೆ ಮುಗಿಯುವಂಥವು. ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇವುಗಳಿಂದ ಉತ್ತರ ಸಿಗುವುದಿಲ್ಲ.

ಅಪಾಯವೂ ಇದೆ. ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾಗಿ ಕಾಮಾಲೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಇದು ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಲ್ಲದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು, ಸಕ್ಕರೆ ಕಾಯಿಲೆ, ಬಿ.ಪಿ., ನಿದ್ದೆ ಅಥವಾ ಮನೋರೋಗದ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ ಶುರುವಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇನ್ನು ವ್ರತದ ಮಾತು. ಅಶ್ವಗಂಧದ ಉಪಯುಕ್ತ ಭಾಗ ಬೇರು, ಬೇರನ್ನು ಕಿತ್ತರೆ ಗಿಡವೇ ಹೋಗುತ್ತದೆ. ಕಂದಮೂಲ ತ್ಯಾಗ ಮಾಡಿದವರಲ್ಲಿ ಅನೇಕರು ಒಣ ಶುಂಠಿ, ಒಣ ಅರಿಶಿನವನ್ನು ಒಣಗಿ ಅಚಿತ್ತವಾದದ್ದು ಎಂಬ ಕಾರಣಕ್ಕೆ ಬಳಸುತ್ತಾರೆ. ಅದೇ ನ್ಯಾಯದಲ್ಲಿ ಒಣ ಬೇರಿನ ಚೂರ್ಣವನ್ನು ಔಷಧವಾಗಿ ಒಪ್ಪುವವರಿದ್ದಾರೆ, ಅದನ್ನೂ ಬೇಡವೆನ್ನುವವರಿದ್ದಾರೆ. ಇದು ಅವರವರು ಸ್ವೀಕರಿಸಿದ ನಿಯಮಕ್ಕೆ ಬಿಟ್ಟದ್ದು. ನಿಯಮ ಕೊಟ್ಟ ಮುನಿಶ್ರೀಗಳನ್ನೋ ಮಾತಾಜಿಯವರನ್ನೋ ಕೇಳಿ ನಿರ್ಧರಿಸುವುದೇ ಸರಿ. ‘ಬೇರು ಬೇಡ, ಎಲೆಯ ಸಾರ ತರೋಣ’ ಎನ್ನುವುದು ಪರಿಹಾರವಲ್ಲ. ಅಶ್ವಗಂಧದ ಎಲೆಯನ್ನು ಬಳಸದಂತೆ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದೆ.

ಅಶ್ವಗಂಧ ಯಾವ ರೂಪದಲ್ಲಿದೆ ಎಂಬುದನ್ನೂ ನೋಡಬೇಕು. ಲೇಹ್ಯಗಳಲ್ಲಿ ಸಾಮಾನ್ಯವಾಗಿ ಜೇನುತುಪ್ಪ ಇರುತ್ತದೆ. ಅಶ್ವಗಂಧಾರಿಷ್ಟ, ಸಾರಸ್ವತಾರಿಷ್ಟದಂಥ ಅರಿಷ್ಟಗಳಲ್ಲಿ ಜೇನಿನ ಜೊತೆಗೆ ಹುಳಿಯುವಾಗ ತಾನಾಗಿ ಹುಟ್ಟುವ ಮದ್ಯಸಾರವೂ ಇರುತ್ತದೆ. ಬಾಟಲಿಯ ಮೇಲೆಯೇ ‘ಸ್ವಯಂ ಉತ್ಪನ್ನ ಆಲ್ಕೋಹಾಲ್’ ಎಂಬ ಅರ್ಥದಲ್ಲಿ ಅದರ ಪ್ರಮಾಣ ಮುದ್ರಿತವಾಗಿರುತ್ತದೆ. ಆಯುರ್ವೇದವೆಂದರೆ ಜೈನರಿಗೆ ಸದಾ ನಿರ್ದೋಷ ಎಂಬ ನಂಬಿಕೆ ಇಲ್ಲಿ ತಪ್ಪುತ್ತದೆ. ಜೇನು ಮತ್ತು ಮದ್ಯಸಾರ ಎರಡನ್ನೂ ಬಿಡಬೇಕೆಂದರೆ ಬರೀ ಚೂರ್ಣ ಅಥವಾ ಹೆಚ್‌ಪಿಎಂಸಿ ಕವಚದ ಕ್ಯಾಪ್ಸೂಲ್ ಉಳಿಯುತ್ತದೆ.

ಮೆಲಟೋನಿನ್: ಸೂರ್ಯಾಸ್ತಕ್ಕೆ ಹೊಂದದ ಗುಳಿಗೆ

ಮೆಲಟೋನಿನ್ ನಮ್ಮ ಮೆದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ತಾನೇ ಸುರಿಸುವ ಹಾರ್ಮೋನು. ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ಗುಳಿಗೆಯಾಗಿ ತೆಗೆದುಕೊಂಡಾಗ ಅದು ದೇಹಕ್ಕೆ ‘ರಾತ್ರಿಯಾಯಿತು’ ಎಂದು ತಿಳಿಸುತ್ತದೆಯೇ ಹೊರತು ಬಲವಂತವಾಗಿ ನಿದ್ದೆಗೆ ತಳ್ಳುವುದಿಲ್ಲ. ವಿದೇಶ ಪ್ರಯಾಣದಲ್ಲಿ ಗಡಿಯಾರ ಬದಲಾದಾಗ, ಮಲಗುವ ಹೊತ್ತು ತೀರಾ ಹಿಂದೆ ಸರಿದವರಿಗೆ ಇದರಿಂದ ಪ್ರಯೋಜನವಿದೆ. ಬಹುಕಾಲದ ನಿದ್ರಾಹೀನತೆಗೆ ಇದನ್ನು ಬಳಸಬಾರದೆಂಬುದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಸಲಹೆ. ಬ್ರಿಟನ್ನಿನಲ್ಲಿ ಇದಕ್ಕೆ ವೈದ್ಯರ ಚೀಟಿ ಬೇಕು.

ಗಮ್ಮಿಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದ ವರದಿ 2023ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 22ರ ಲೇಬಲ್ ಸರಿಯಿರಲಿಲ್ಲ. ಕನಿಷ್ಠ ಒಂದರಲ್ಲಿ ಬರೆದದ್ದರ ಮೂರು ಪಟ್ಟಿಗೂ ಮೀರಿ ಮೆಲಟೋನಿನ್ ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಮಿಠಾಯಿಯಂತೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಪರೀಕ್ಷೆಯ ಒತ್ತಡವೆಂದು ಮಕ್ಕಳಿಗೆ ಪಾಲಕರೇ ಕೊಡುವುದು ಸಲ್ಲದು.

ಜೈನ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು. ಮೆಲಟೋನಿನ್ನನ್ನು ಸಾಮಾನ್ಯವಾಗಿ ಮಲಗುವ ಮುನ್ನ ತೆಗೆದುಕೊಳ್ಳಬೇಕು. ಬೀದರ್ ಕಡೆ ಡಿಸೆಂಬರ್‌ನಲ್ಲಿ ಸಂಜೆ 6ಕ್ಕೂ ಮುಂಚೆಯೇ ಸೂರ್ಯಾಸ್ತ. ಆಗ ನುಂಗಿದರೆ ಸಂಜೆಯ ಪ್ರತಿಕ್ರಮಣದ ಹೊತ್ತಿಗೇ ತೂಕಡಿಕೆ ಬರಬಹುದು, ರಾತ್ರಿ ಬೇಕಾದಾಗ ಅದರ ಪ್ರಭಾವ ಕಳೆದಿರಬಹುದು. ಶ್ವೇತಾಂಬರ ಪರಂಪರೆಯ ಪಚ್ಚಕ್ಖಾಣಗಳಲ್ಲಿ ದುವಿಹಾರಕ್ಕೆ ನೀರು ಮತ್ತು ಔಷಧದ ಅವಕಾಶವಿದೆ, ತಿವಿಹಾರಕ್ಕೆ ನೀರು ಮಾತ್ರ, ಚೌವಿಹಾರಕ್ಕೆ ಯಾವುದೂ ಇಲ್ಲ. ದುವಿಹಾರದವರೂ ಒಂದು ಮಾತು ಯೋಚಿಸಬೇಕು: ಆಹಾರ ಪೂರಕದ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂದೇ ಮುದ್ರಿತವಾಗಿರುವಾಗ ಅದನ್ನು ಔಷಧವೆಂದು ಎಣಿಸಬಹುದೇ? ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಗುಳಿಗೆಯ ವಿಷಯ ಬೇರೆ, ಆಸೆಯಿಂದ ತಂದ ಡಬ್ಬಿಯ ವಿಷಯ ಬೇರೆ.

ಹಾಗೆಂದು ವೈದ್ಯರು ಬರೆದುಕೊಟ್ಟ ರಾತ್ರಿಯ ಔಷಧವನ್ನು ತಾವೇ ನಿಲ್ಲಿಸಬಾರದು. ಸೂರ್ಯಾಸ್ತದ ಮೊದಲೇ ತೆಗೆದುಕೊಳ್ಳುವಂತೆ ಹೊತ್ತು ಬದಲಿಸಲು ಸಾಧ್ಯವೇ, ಬೇರೆ ಗುಳಿಗೆ ಇದೆಯೇ ಎಂದು ವೈದ್ಯರನ್ನೇ ಕೇಳಬೇಕು. ವ್ರತದ ವಿಷಯ ಮುಚ್ಚಿಡದೆ ಹೇಳಿದರೆ ಅನೇಕ ಔಷಧಗಳಿಗೆ ದಾರಿ ಸಿಗುತ್ತದೆ.

ಮೆಗ್ನೀಸಿಯಂ, ಬ್ರಾಹ್ಮಿ ಮತ್ತು ಮನೆಮದ್ದು

ಮೆಗ್ನೀಸಿಯಂ ಒಂದು ಖನಿಜ. ನಿದ್ದೆಗೆ ಅದರ ಪ್ರಯೋಜನಕ್ಕೆ ಸಾಕ್ಷ್ಯ ದುರ್ಬಲ. ಆಹಾರದಲ್ಲಿ ಕೊರತೆ ಇದ್ದವರಿಗೆ ಲಾಭವಾಗಬಹುದು. ಜೋಳದ ರೊಟ್ಟಿ, ಹೆಸರು, ಉದ್ದು, ಎಳ್ಳು, ಶೇಂಗಾ, ಬಾದಾಮಿ ಇವೆಲ್ಲ ಮೆಗ್ನೀಸಿಯಂ ಇರುವ ಪದಾರ್ಥಗಳೇ, ಬೀದರ್ ಸೀಮೆಯ ಅಡುಗೆಮನೆಗೆ ಹೊಸವಲ್ಲ. ಗುಳಿಗೆಯಿಂದ ದಿನಕ್ಕೆ 350 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದ ತಜ್ಞರು ಹಾಕಿದ ಮಿತಿ. ಹೆಚ್ಚಾದರೆ ಭೇದಿಯಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ನಿಜವಾಗಿ ಅಪಾಯ. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಇದನ್ನು ಹಗಲಿನಲ್ಲೇ ಊಟದ ಜೊತೆ ತೆಗೆದುಕೊಳ್ಳಬಹುದಾದ್ದರಿಂದ ರಾತ್ರಿ ತ್ಯಾಗಕ್ಕೆ ಅಡ್ಡಿಯಿಲ್ಲ.

ಬ್ರಾಹ್ಮಿ, ಒಂದೆಲಗ ಇವು ಬೇರಲ್ಲ, ಸೊಪ್ಪು. ಹಾಗಾಗಿ ಕಂದಮೂಲ ಬಿಟ್ಟವರಿಗೆ ಹತ್ತಿರದವು. ನೀರುಬ್ರಾಹ್ಮಿಯ ಅಧ್ಯಯನಗಳು ಹೆಚ್ಚಾಗಿ ನೆನಪಿನ ಶಕ್ತಿಗೆ ಸಂಬಂಧಿಸಿದವು, ನಿದ್ದೆಗಲ್ಲ. ಕೆಲವರಿಗೆ ಹೊಟ್ಟೆ ಕೆಡುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಆ ತಿಂಗಳುಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ತಗರ ಮತ್ತು ಜಟಾಮಾಂಸಿ ಎರಡೂ ನೆಲದೊಳಗಿನ ಭಾಗದಿಂದ ಬರುತ್ತವೆ. ಹಿಮಾಲಯದ ಜಟಾಮಾಂಸಿಯಂತೂ ಅತಿಯಾಗಿ ಕಿತ್ತದ್ದರಿಂದ ಅಳಿವಿನ ಅಂಚಿಗೆ ಬಂದಿದೆ. ‘ವಿಜಯಾ’ ಎಂಬ ಹೆಸರಿನಲ್ಲಿ ಮಾರುವ ನಿದ್ದೆಯ ಎಣ್ಣೆ, ಗುಳಿಗೆಗಳು ಭಂಗಿ ಗಿಡದವು. ಹೆಸರು ಸಂಸ್ಕೃತದ್ದೆಂದು ಮೋಸಹೋಗಬಾರದು.

ಹಾಲಿಗೆ ಜಾಜಿಕಾಯಿ ತೇಯ್ದು ಕುಡಿಯುವ ರೂಢಿ ಹಲವು ಮನೆಗಳಲ್ಲಿದೆ. ಚಿಟಿಕೆಯಷ್ಟಾದರೆ ತೊಂದರೆಯಿಲ್ಲ. ಆದರೆ ಸುಮಾರು 5 ಗ್ರಾಂ ಪುಡಿಯೇ ಎದೆಬಡಿತ, ಭ್ರಮೆ ತರುವಷ್ಟು ವಿಷ. ಗಸಗಸೆಯನ್ನು ಬಹುಬೀಜವೆಂದು ಬಿಡುವವರಿದ್ದಾರೆ ಎಂಬುದನ್ನೂ ಮನೆಯ ಹಿರಿಯರು ನೆನಪಿಸುತ್ತಾರೆ.

ಡಬ್ಬಿಗಿಂತ ಮೊದಲು ರಕ್ತಪರೀಕ್ಷೆ

ನಿದ್ದೆ ಕೆಡುವುದು, ಸುಸ್ತು, ಸಿಡುಕು ಇವು ಎಷ್ಟೋ ಸಲ ಬೇರೆ ತೊಂದರೆಯ ಚಿಹ್ನೆಗಳು. ಶುದ್ಧ ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ. ಹಾಲು ಮೊಸರು ಕಡಿಮೆ ಬಳಸುವವರಲ್ಲಿ ಇನ್ನೂ ಹೆಚ್ಚು. ಕೈಕಾಲು ಜುಮ್ಮೆನ್ನುವುದು, ಮರೆವು, ಮನಸ್ಸು ಕುಗ್ಗುವುದು ಅದರ ಲಕ್ಷಣಗಳು. ಗುಳಿಗೆಯಲ್ಲಿನ ಬಿ12 ಸೂಕ್ಷ್ಮಾಣುಗಳನ್ನು ಬೆಳೆಸಿ ತಯಾರಿಸಿದ್ದು, ಮಾಂಸದಿಂದ ತೆಗೆದದ್ದಲ್ಲ. ಕಬ್ಬಿಣದ ಕೊರತೆಯಿದ್ದರೆ ರಾತ್ರಿ ಕಾಲುಗಳು ಸುಮ್ಮನಿರದೆ ಎಳೆದಾಡುತ್ತವೆ. ಥೈರಾಯ್ಡ್ ಹೆಚ್ಚಾದರೆ ಎದೆಬಡಿತ, ನಿದ್ದೆಗೇಡು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಅವರಿಗೆ ನಿದ್ದೆಗುಳಿಗೆ ಅಪಾಯವನ್ನೇ ಹೆಚ್ಚಿಸಬಲ್ಲದು.

ಆದ್ದರಿಂದ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ ಈ ನಾಲ್ಕನ್ನು ಮೊದಲು ಪರೀಕ್ಷಿಸಿಕೊಳ್ಳುವುದು ತಿಂಗಳುಗಟ್ಟಲೆ ಡಬ್ಬಿ ಕೊಳ್ಳುವುದಕ್ಕಿಂತ ಅಗ್ಗ.

ಪ್ರಯತ್ನಿಸಲೇಬೇಕೆಂದಿದ್ದರೆ

- ಒಂದು ಸಲಕ್ಕೆ ಒಂದೇ ಪದಾರ್ಥ. ಹತ್ತು ಬೆರೆಸಿದ ಡಬ್ಬಿಯಲ್ಲಿ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ.
- ಶುರುಮಾಡುವ ಮುನ್ನ ಒಂದು ವಾರ, ಆಮೇಲೆ ಪ್ರತಿದಿನ, ಮಲಗಿದ ಹೊತ್ತು, ಎದ್ದ ಹೊತ್ತು, ಎಷ್ಟು ಸಲ ಎಚ್ಚರವಾಯಿತು ಎಂದು ಪುಸ್ತಕದಲ್ಲಿ ಬರೆಯಬೇಕು.
- ಎಂಟು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಬೇಕು. ಪ್ರಮಾಣ ಹೆಚ್ಚಿಸುತ್ತಾ ಹೋಗಬಾರದು.
- ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಸೇಂಟ್ ಜಾನ್ಸ್ ವರ್ಟ್‌ನಂಥ ವಿದೇಶಿ ಗಿಡಮೂಲಿಕೆಗಳನ್ನು ತರಿಸಲೇಬಾರದು.
- ಶಸ್ತ್ರಚಿಕಿತ್ಸೆ ಇದ್ದರೆ ಪೂರಕಗಳ ವಿಷಯವನ್ನು ಮೊದಲೇ ಹೇಳಬೇಕು.
- ಪರ್ಯೂಷಣ, ದಶಲಕ್ಷಣ ಪರ್ವಗಳ ಉಪವಾಸದಲ್ಲಿ ಖಾಲಿ ಹೊಟ್ಟೆಗೆ ಪೂರಕ ಬೇಡ. ಆ ದಿನಗಳಲ್ಲಿ ನಿಲ್ಲಿಸಿದರೆ ನಷ್ಟವಿಲ್ಲ. ಆದರೆ ಬಿ.ಪಿ., ಸಕ್ಕರೆ, ಮನೋರೋಗದ ಗುಳಿಗೆಗಳನ್ನು ಉಪವಾಸಕ್ಕಾಗಿ ನಿಲ್ಲಿಸುವ ಮುನ್ನ ವೈದ್ಯರೊಂದಿಗೆ ಮಾತಾಡಲೇಬೇಕು.

ಗುಳಿಗೆಯಿಲ್ಲದ ಚಿಕಿತ್ಸೆ

ಬಹುಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ನಿದ್ದೆಯ ಅಭ್ಯಾಸಗಳನ್ನೂ ಅದರ ಬಗೆಗಿನ ಆತಂಕವನ್ನೂ ತಿದ್ದುವ ವರ್ತನಾ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ಅದರ ತಿರುಳು ಸರಳ. ನಿದ್ದೆ ಎಷ್ಟೇ ಕಡಿಮೆಯಾಗಿದ್ದರೂ ದಿನವೂ ಒಂದೇ ಹೊತ್ತಿಗೆ ಏಳುವುದು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ಇಪ್ಪತ್ತು ನಿಮಿಷವಾದರೂ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು ಮತ್ತೆ ನಿದ್ದೆ ಬಂದಾಗ ಮಲಗುವುದು. ಹಾಸಿಗೆಯಲ್ಲಿ ಲೆಕ್ಕಪತ್ರ, ಮೊಬೈಲ್ ಬೇಡ. ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಆದ್ದರಿಂದ ಮಧ್ಯಾಹ್ನದ ಊಟದ ನಂತರದ ಚಹಾಗಳನ್ನು ಮೊದಲು ಬಿಟ್ಟು ನೋಡಬೇಕು.

ಜೈನ ದಿನಚರಿಯಲ್ಲಿ ಇದಕ್ಕೆ ಹೊಂದುವ ಅಂಶಗಳು ಆಗಲೇ ಇವೆ. ಸೂರ್ಯಾಸ್ತಕ್ಕೆ ಮುಂಚಿನ ಊಟದಿಂದ ಮಲಗುವ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ. 48 ನಿಮಿಷಗಳ ಸಾಮಾಯಿಕ, ಸಂಜೆಯ ಪ್ರತಿಕ್ರಮಣ, ಕಾಯೋತ್ಸರ್ಗ ಇವು ದಿನದ ವ್ಯವಹಾರಕ್ಕೂ ರಾತ್ರಿಗೂ ನಡುವೆ ಒಂದು ಗೆರೆ ಎಳೆಯುತ್ತವೆ. ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಕಾಯೋತ್ಸರ್ಗವನ್ನು ದೇಹದ ಒಂದೊಂದೇ ಭಾಗವನ್ನು ಸಡಿಲಿಸುವ ಅಭ್ಯಾಸವಾಗಿ ಕಲಿಸುತ್ತಾರೆ. ಆದರೆ ಸಾಮಾಯಿಕ ಮುಗಿದ ಮೇಲೆ ಎರಡು ಗಂಟೆ ಮೊಬೈಲ್ ಹಿಡಿದರೆ ಆ ಗೆರೆ ಅಳಿಸಿಹೋಗುತ್ತದೆ. ಇವು ಆತ್ಮಕಲ್ಯಾಣಕ್ಕಾಗಿ ಇರುವ ಸಾಧನೆಗಳು. ಖಿನ್ನತೆಯಂಥ ಕಾಯಿಲೆಗೆ ಇವನ್ನೇ ಚಿಕಿತ್ಸೆ ಎಂದು ಹೇಳಿ ರೋಗಿಯನ್ನು ಮನೆಯಲ್ಲಿ ಕೂರಿಸುವುದು ತಪ್ಪು.

ಯಾವಾಗ, ಎಲ್ಲಿಗೆ ಹೋಗಬೇಕು

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ಚಿಕಿತ್ಸೆ ಬೇಕಾದ ನಿದ್ರಾಹೀನತೆ. ಊಟ ಸೇರದಿರುವುದು, ಕಾರಣವಿಲ್ಲದೆ ಅಳು, ವ್ಯಾಪಾರ, ಓದು, ಪೂಜೆ ಯಾವುದರಲ್ಲೂ ಮನಸ್ಸಿಲ್ಲದಿರುವುದು, ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಇವು ಕಂಡರೆ ಮೂರು ತಿಂಗಳು ಕಾಯಬಾರದು, ಅದೇ ದಿನ ಸಹಾಯ ಪಡೆಯಬೇಕು. ತಪಸ್ಸಿನ ಹೆಸರಿನಲ್ಲಿ ಊಟ ಬಿಡುತ್ತಿರುವವರು ನಿಜವಾಗಿ ಖಿನ್ನತೆಯಲ್ಲಿರಬಹುದು ಎಂಬುದನ್ನು ಮನೆಯವರು ಗಮನಿಸಬೇಕು.

ಬೀದರ್ ನಗರದಲ್ಲಿ ಬ್ರಿಮ್ಸ್ (ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಬೋಧಕ ಆಸ್ಪತ್ರೆ ಇದೆ. ಬಗದಲ್ ಕಡೆಯವರಿಗೂ ಅದೇ ಹತ್ತಿರ. ಭಾಲ್ಕಿ, ಔರಾದ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನವನ್ನು ಅಲ್ಲಿ ತಿಳಿಸುತ್ತಾರೆ. ಆಯುರ್ವೇದವೇ ಬೇಕೆನ್ನುವವರು ಡಬ್ಬಿ ತರಿಸುವ ಬದಲು ಬೀದರ್‌ನ ಆಯುರ್ವೇದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು, ಜೇನು, ಮದ್ಯಸಾರ, ಕಂದಮೂಲ ಯಾವುದು ಬೇಡವೆಂದು ಮೊದಲೇ ಹೇಳಿ ಔಷಧ ಬರೆಸಿಕೊಳ್ಳಬಹುದು.

ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಸಂಕೋಚ ಇರುವವರಿಗೆ ಮನೆಯಿಂದಲೇ ಮಾತಾಡುವ ದಾರಿಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕುಳಿತವರಿಗೆ ಮೆಡಿಕಲ್ ಅಂಗಡಿ ಮುಚ್ಚಿರುತ್ತದೆ, ಈ ಸಂಖ್ಯೆ ಮುಚ್ಚಿರುವುದಿಲ್ಲ. ಮನೆಯ ಎಲ್ಲರ ಮೊಬೈಲ್‌ನಲ್ಲೂ ಇದನ್ನು ಉಳಿಸಿಡುವುದು ಒಳ್ಳೆಯದು.